ಕುದುರೆಯ ತಲೆಗೆ ನನ್ನ ಸ್ಕಾರ್ಫು

ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಬಾಣಂತನದ ವಿಷಯಕ್ಕೆ ಬಂದರೆ ಯಾವ ಡಾಕ್ಟರಿಗೂ ನಾನು ಕಡಿಮೆಯಿಲ್ಲ ಎಂಬ ಸೊಕ್ಕು ಮೊದಲಿನಿಂದಲೂ ಇದೆ. ಹೂಲಿಯ ನಮ್ಮ ಓಣಿಯಲ್ಲಿ ಯಾರು ಹಡೆದರೂ ಕೊಬ್ಬರಿ, ಬೆಲ್ಲ ಹಾಕಿ ಅಂಟಿನುಂಡಿ ಕಟ್ಟಲು ನನ್ನನ್ನೇ ಕರೆಯುತ್ತಾರೆ. ಅಂಥವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರಲಿಲ್ಲ. ದೂರದ ಪ್ರಯಾಣ ಬೇಡ ಅಂದರಂತೆ ಅಲ್ಲಿಯ ಡಾಕ್ಟರು. ಮೊಮ್ಮಗಳು ಹುಟ್ಟಿದಳೆಂದು ಫೋನು ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ಡಬ್ಬಿ ಉಂಡಿ ಹಿಡಿದು, ಉಣ್ಣೆಯ ಉದ್ದನೆಯ ಸ್ಕಾರ್ಫು ತಲೆಗೆ ಸುತ್ತಿಕೊಂಡು ಸವದತ್ತಿಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರಿಗೆಲ್ಲ, ಅವರು ಕೇಳಲಿ ಬಿಡಲಿ, ನಾನು ಅಜ್ಜಿಯಾದದ್ದನ್ನು ಹೇಳಿದೆ; ಕಂಡಕ್ಟರನಿಗೆ ಎರಡು ಸಲ.

ಆ ಊರಿನ ಹೆಸರು ಬರೆಯುವುದಿಲ್ಲ, ಬೀಗರು ಓದುತ್ತಾರೆ. ಸಣ್ಣ ಊರು. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಕುದುರೆ ಸಾಕುವ ಫಾರ್ಮು. ಅಳಿಯನ ಕೆಲಸ ಅಲ್ಲಿಯೇ. ವೈನು ಮಾಡುವ ಶೆಡ್ಡಿನ ಹುಳಿ ವಾಸನೆ ಬಸ್ ನಿಲ್ದಾಣದ ತನಕ ಬರುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಷ್ಟೇನೂ ಕೆಟ್ಟದ್ದಲ್ಲ ಅನಿಸಿ ಆಮೇಲೆ ಸ್ವಲ್ಪ ತೆಗೆದೆ.

ಮನೆಗೆ ಹೋದರೆ, ಹಡೆದು ಒಂಬತ್ತು ದಿನವಾದ ಮಗಳು ಬರಿತಲೆಯಲ್ಲಿ ಬಾಗಿಲಿಗೆ ನಿಂತಿದ್ದಾಳೆ, ಗಾಳಿ ಭರ್ರನೆ ಬೀಸುತ್ತಿದೆ. ಮೊದಲು ಕೂಸನ್ನು ಎತ್ತಿಕೊಂಡು ಅತ್ತೆ, ನಕ್ಕೆ. ಮೂಗು ನಮ್ಮ ಮನೆತನದ್ದೇ. ಆಮೇಲೆ ಸ್ಕಾರ್ಫಿನ ಮಾತು ತೆಗೆದೆ. ಬಾಣಂತಿಯ ಕಿವಿಗೆ ಗಾಳಿ ಹೊಕ್ಕರೆ ಜನ್ಮವೆಲ್ಲ ತಲೆನೋವು ಎಂದೆ. ಧಗೆಯಾಗುತ್ತದೆ ಎಂದಳು. ಉಂಡಿ ಅರ್ಧ ತಿಂದು ಸಾಕೆಂದಳು. ಕೊನೆಗೆ, "ಯವ್ವಾ, ನಿನ್ನೆ ಫಾರ್ಮಿನ್ಯಾಗ ಕುದರಿ ಮರಿ ಹಾಕೈತಿ. ಅದರ ತಲಿಗೆ ಯಾರ ಸ್ಕಾರ್ಫ ಕಟ್ಟ್ಯಾರ?" ಎಂದಳು.

ಕಟ್ಟಿಲ್ಲದಿದ್ದರೆ ಕಟ್ಟಬೇಕು. ಅಳಿಯನನ್ನು ಎಬ್ಬಿಸಿಕೊಂಡು ಲಾಯಕ್ಕೆ ನಡೆದೆ. ಬಿಳಿ ಕುದುರೆ, ಪಕ್ಕದಲ್ಲಿ ಕಡ್ಡಿಕಾಲಿನ ಮರಿ. "ಅತ್ತಿ, ಒದೀತೈತ್ರಿ, ಹಿಂದ ನಿಲ್ಲಬ್ಯಾಡ್ರಿ" ಎಂದು ಅಳಿಯ ಹಗ್ಗ ಹಿಡಿದು ಬೇಡಿಕೊಂಡ. ಹಿಂದೆ ಯಾಕೆ ನಿಲ್ಲಲಿ, ಕಿವಿ ಇರುವುದು ಮುಂದಲ್ಲವೇ? ಬೆಲ್ಲದ ಚೂರು ಕೊಟ್ಟೆ, ಕತ್ತು ಸವರಿದೆ, ನನ್ನ ಸ್ಕಾರ್ಫನ್ನೇ ಬಿಚ್ಚಿ ಅದರ ಎರಡೂ ಕಿವಿ ಮುಚ್ಚಿ ಗದ್ದದ ಕೆಳಗೆ ಗಂಟು ಹಾಕಿದೆ. ಆ ತಾಯಿ ಕಣ್ಣು ಪಿಳುಕಿಸುತ್ತ ಸುಮ್ಮನೆ ನಿಂತಳು. ನೋಡಲು ಥೇಟ್ ನಮ್ಮ ಅತ್ತೆಯ ಹಾಗೆ.

ಅಳಿಯ ಮೊಬೈಲಿನಲ್ಲಿ ಫೋಟೋ ತೋರಿಸಿದಾಗ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಾನೇ ಒಂದು ಓಡಣಿ ತಂದು ನನ್ನ ಮುಂದೆ ತಲೆ ಬಗ್ಗಿಸಿ ಕೂತಳು. "ಕಟ್ಟ. ಕುದರಿಗಿಂತ ಚಂದ ಕಟ್ಟಬೇಕ ನೋಡ." ಎರಡೂ ಕಿವಿ ಮುಚ್ಚಿ ಬಿಗಿಯಾಗಿ ಕಟ್ಟಿದೆ. ಅವಳು ಹುಟ್ಟಿದ ಒಂಬತ್ತನೇ ದಿನಕ್ಕೇ ನಾನು ಅತ್ತೆಯ ಕಣ್ಣು ತಪ್ಪಿಸಿ ತಲೆಯ ಬಟ್ಟೆ ಬಿಸಾಕಿ ಹಿತ್ತಲಲ್ಲಿ ಗಾಳಿ ತಗೊಂಡದ್ದನ್ನು ಮಾತ್ರ ಹೇಳಲಿಲ್ಲ.

ಸ್ಕಾರ್ಫನ್ನು ವಾಪಸು ಕೇಳಲು ಮನಸ್ಸಾಗಲಿಲ್ಲ. ಬಾಣಂತಿಯ ತಲೆಯಿಂದ ಬಿಚ್ಚುವುದೆಂದರೇನು? ಬರಿತಲೆಯಲ್ಲಿ ಬಸ್ಸಿನ ಕಿಟಕಿಗೆ ಕೂತು ಊರಿಗೆ ಬಂದೆ. ಈಗ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು, ಮೂಗು ಒರೆಸಿಕೊಳ್ಳುತ್ತ ಇದನ್ನು ಬರೆಯುತ್ತಿದ್ದೇನೆ. ಮಗಳು ದಿನಾ ಫೋನು ಮಾಡಿ, ತಲೆಗೆ ಕಟ್ಟಿಕೊಂಡೆಯಾ, ಉಂಡಿ ತಿಂದೆಯಾ ಎಂದು ಗದರುತ್ತಾಳೆ. ನನಗೆ ಧಗೆಯಾಗುತ್ತದೆ. "ಏನೂ ಕೇಳಸವಲ್ದವಾ," ಎನ್ನುತ್ತೇನೆ, "ಕೂಸಿನ ಕೈಯಾಗ ಕೊಡ ಫೋನು."