ನಾಲ್ಕನೇ ಭಾಗದಲ್ಲಿ ಬಾರದವನು

ನಮ್ಮ ಅತ್ತೆಯ ಪ್ರಕಾರ ವಿಜಯನಗರ ಹಾಳಾದದ್ದು ಎರಡು ಸಲ. ಮೊದಲನೆಯದು ಇತಿಹಾಸದ ಪುಸ್ತಕಗಳಲ್ಲಿದೆ. ಅದನ್ನು ಆಕೆ ಹೇಗೋ ಕ್ಷಮಿಸಿದ್ದಾಳೆ. ಎರಡನೆಯದು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಏಳಕ್ಕೆ ಟಿವಿಯಲ್ಲಿ ಬರುತ್ತದೆ. ಇದಕ್ಕೆ ಕ್ಷಮೆಯೇ ಇಲ್ಲ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಇರುವುದು ಹೊಸಪೇಟೆಯಲ್ಲಿ. ಮಾವನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಆಕೆಯ ಜೀವ ಮಾತ್ರ ಇರುವುದು ಒಂದು ಕಾದಂಬರಿ ಮಾಲೆಯಲ್ಲಿ. ಏಳು ಭಾಗ! ತುಂಗಭದ್ರೆಯಲ್ಲಿ ಹರಿಗೋಲು ನಡೆಸುವ ಹುಡುಗಿಗೂ ವಿಜಯನಗರದ ಒಬ್ಬ ಕುದುರೆ ಸವಾರನಿಗೂ ಪ್ರೀತಿ. ನಾಲ್ಕನೇ ಭಾಗದಲ್ಲಿ ಅವನು ಯುದ್ಧಕ್ಕೆ ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಉಳಿದ ಮೂರೂ ಭಾಗ ಅವಳು ಕಾಯುತ್ತಾಳೆ. ನನ್ನ ಮದುವೆ ಯಾವ ವರ್ಷವಾಯಿತೆಂಬುದು ಅತ್ತೆಗೆ ನೆನಪಿಲ್ಲ. ಆದರೆ ಆ ಸವಾರನ ಕುದುರೆಗೆ ಬಿಳಿ ಮಚ್ಚೆ ಇರುವುದು ಯಾವ ಕಾಲಿನಲ್ಲಿ ಎಂದು ಕೇಳಿ, ನಿದ್ದೆಗಣ್ಣಿನಲ್ಲೂ ಹೇಳುತ್ತಾಳೆ.

ಆ ಕತೆ ಧಾರಾವಾಹಿಯಾಯಿತು ನೋಡಿ, ಮನೆಯ ನೆಮ್ಮದಿ ಹೋಯಿತು. ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಟಿವಿ ನೋಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಪರೀಕ್ಷೆಯಲ್ಲಿ ಕಾಪಿ ಹಿಡಿಯುವವರ ಕಣ್ಣು ಅದು!

"ಹುಟ್ಟು ಹಿಡಿಯೋದು ನೋಡ್ರಿ! ಕಸಬರಿಗಿ ಹಿಡಿದಂಗ ಹಿಡಿದಾಳ! ಹಿಂಗ ಹಾಕಿದ್ರ ಹರಿಗೋಲು ಆಚಿ ದಂಡಿ ಮುಟ್ತದೇನು?"

ಮಾವ ಪೇಪರಿನ ಹಿಂದಿನಿಂದಲೇ ಹೇಳಿದರು. "ನಮ್ಮ ಗಿರಣ್ಯಾಗ ಅಕ್ಕಿಯೊಳಗಿನ ಕಲ್ಲು ಆರಿಸೋ ಮಷೀನ್ ಐತಿ. ಅದಕ್ಕೂ ಇಷ್ಟು ಕಣ್ಣಿಲ್ಲ ಬಿಡು."

ಒಮ್ಮೆ ಹಂಪಿ ಬಜಾರಿನಲ್ಲಿ ಗೈಡ್ ಒಬ್ಬ ಪ್ರವಾಸಿಗರಿಗೆ ಕಲ್ಲುಮಂಟಪ ತೋರಿಸಿ, "ಸೀರಿಯಲ್ ಹೀರೋ ಕುದ್ರಿ ಕಟ್ಟಿದ್ದು ಇಲ್ಲೇ ನೋಡ್ರಿ" ಎಂದ. ನಾನು ಕೈ ಹಿಡಿಯುವಷ್ಟರಲ್ಲಿ ಅತ್ತೆ ನಡುವೆ ನುಗ್ಗಿಯಾಗಿತ್ತು!

"ಯಾಕಪಾ ಸುಳ್ಳು ಹೇಳ್ತಿ? ಆವಾಗ ಕುದ್ರಿ ಬುಕ್ಕಸಾಗರದಾಗ ಇತ್ತು!"

"ಅಮ್ಮಾರ, ಮೊನ್ನಿ ಎಪಿಸೋಡಿನ್ಯಾಗ ನಾನ ಕಣ್ಣಾರೆ ನೋಡೀನ್ರಿ!"

ಹುಟ್ಟಿಯೇ ಇರದ ಕುದುರೆಗಾಗಿ ಇಬ್ಬರೂ ಜಗಳಕ್ಕೆ ನಿಂತರು. ಪ್ರವಾಸಿಗರು ಮಂಟಪ ಬಿಟ್ಟು ಅತ್ತೆಯ ಫೋಟೋ ತೆಗೆದುಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಒಂದು ಸಂಜೆ ಪ್ರೋಮೋ ಬಂತು: ಶುಕ್ರವಾರ ಸವಾರ ಮರಳಿ ಬರುತ್ತಾನೆ! ಅತ್ತೆಯ ಮುಖ ಬಿಳಿಚಿತು. ಆ ಪುಸ್ತಕಗಳ ಅಭಿಮಾನಿಗಳದೊಂದು ಬಳಗ ನಮ್ಮ ಕಡೆ ಇದೆ. ಅದಕ್ಕೆ ಅತ್ತೆಯೇ ಯಜಮಾನಿ. ಕಡ್ಡಿರಾಂಪುರದ ಒಂದು ಹೋಟೆಲಿನಲ್ಲಿ ತುರ್ತು ಸಭೆ ಸೇರಿಸಿದಳು. ಕಾರು ಓಡಿಸಿಕೊಂಡು ಹೋದವಳು ನಾನು.

ಒಳಗೆ ಕಾಲಿಟ್ಟರೆ ಬಳಗ ಎರಡು ಹೋಳು. ಒಂದು ಗೋಡೆಗೆ ಪುಸ್ತಕದವರು, ಇನ್ನೊಂದು ಗೋಡೆಗೆ ಟಿವಿಯವರು. ಯಾರೂ ಯಾರಿಗೂ ನಮಸ್ಕಾರ ಹೇಳಲಿಲ್ಲ.

"ಇಷ್ಟು ವರ್ಷ ಕಾದಾಳ ಆಕಿ. ಒಂದು ಸುಖ ಬ್ಯಾಡೇನ್ರಿ?" ಟಿವಿ ಕಡೆಯ ನಿವೃತ್ತ ಕಂಡಕ್ಟರರು ಶುರುಮಾಡಿದರು.

"ಕಾಯೋದ ಕಥಿ ಐತ್ರಿ! ಅವ ಬಂದ್ರ ಮುಂದಿನ ಮೂರು ಭಾಗ ಏನು ಉಪ್ಪಿನಕಾಯಿ ಹಾಕೋಣೇನು?" ಅತ್ತೆ ಮೇಜು ಗುದ್ದಿದಳು. ಚಹಾ ಚೆಲ್ಲಿತು.

ದನಿಗಳು ಏರಿದವು. ಬಳಗ ಬಿಡುತ್ತೇವೆ ಎಂದು ಇಬ್ಬರು ಎದ್ದೇ ನಿಂತರು. ತಟ್ಟೆ ತುಂಬಾ ಮಿರ್ಚಿ ಬಜ್ಜಿ ತಣ್ಣಗಾಗುತ್ತಿದ್ದರೂ ಯಾರೂ ಕೈ ಹಾಕಲಿಲ್ಲ. ನಮ್ಮ ಕಡೆ ಇದಕ್ಕಿಂತ ಗಂಭೀರ ಪರಿಸ್ಥಿತಿ ಇನ್ನೊಂದಿಲ್ಲ!

"ಶುಕ್ರವಾರ ಯಾರೂ ಟಿವಿ ಹಚ್ಚಬಾರ್ದು. ಒಪ್ಪಿದವ್ರು ಕೈ ಎತ್ರಿ" ಎಂದಳು ಅತ್ತೆ.

ಪುಸ್ತಕದವರ ಕೈಗಳೆಲ್ಲ ಮೇಲೆ ಹೋದವು, ಒಬ್ಬಳದನ್ನು ಬಿಟ್ಟು. ಅವಳು ಶಾರದಕ್ಕ, ಅತ್ತೆಯ ಓಣಿಯಲ್ಲೇ ಬ್ಲೌಸ್ ಹೊಲಿಯುವ, ಅತ್ತೆಯ ಜೀವದ ಗೆಳತಿ.

"ಶಾರದಾ, ಕೈ ಎತ್ತು."

"ಎತ್ತಂಗಿಲ್ಲ."

"ಯಾಕ? ಅವ ಬರಂಗಿಲ್ಲ ಅನ್ನೋದು ನಿನಗ ಗೊತ್ತಿಲ್ಲೇನು?"

"ನನಗ ಗೊತ್ತಿಲ್ಲದ ಮತ್ಯಾರಿಗೆ ಗೊತ್ತಿರ್ತದ?" ಶಾರದಕ್ಕನ ದನಿ ಏರಲಿಲ್ಲ. "ಪ್ರತಿ ಸಲ ನಾಲ್ಕನೇ ಭಾಗ ತೆಗಿಯೋವಾಗ, ಈ ಸಲರ ಬಂದಾನು ಅಂತ ತೆಗೀತಿದ್ನಿ. ಪುಸ್ತಕದಾಗ ಬರ್ಲಿಲ್ಲ. ನಮ್ಮನಿಗೂ ಬರ್ಲಿಲ್ಲ. ಟಿವ್ಯಾಗರ ಬರ್ಲಿ ಬಿಡು."

ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

ಶಾರದಕ್ಕನ ಗಂಡ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ನಾನು ಚಿಕ್ಕವಳಿದ್ದಾಗ ಒಂದು ದಿನ ಕೆಲಸಕ್ಕೆಂದು ಹೋದವನು ಮರಳಲಿಲ್ಲ. ಇದ್ದಾನೋ ಇಲ್ಲವೋ, ಇವತ್ತಿಗೂ ತಿಳಿಯದು. ಅವಳ ಜೊತೆ ಸಂಡೂರಿನಲ್ಲೆಲ್ಲ ತಿರುಗಿ ವಿಚಾರಿಸಿದವಳು ಅತ್ತೆಯೇ. ಆ ದಿನಗಳಲ್ಲಿ, ಕಾಯುವ ಹೆಣ್ಣಿಗೆ ಕಾಯುವ ಹೆಣ್ಣೊಬ್ಬಳು ಜೊತೆಯಾಗಲಿ ಎಂದು ಈ ಪುಸ್ತಕಗಳನ್ನು ಅವಳ ಕೈಗಿಟ್ಟವಳೂ ಅತ್ತೆಯೇ.

ವಾಪಸು ಬರುವಾಗ ಇಬ್ಬರೂ ನನ್ನ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಒಬ್ಬಳು ಈ ಕಿಟಕಿಗೆ, ಇನ್ನೊಬ್ಬಳು ಆ ಕಿಟಕಿಗೆ. ಒಂದೇ ಓಣಿಯಲ್ಲಿದ್ದೂ ಆ ವಾರವೆಲ್ಲ ಇವಳು ಅವಳ ಬಾಗಿಲು ತುಳಿಯಲಿಲ್ಲ, ಅವಳು ಇವಳ ಕಡೆ ತಿರುಗಿ ನೋಡಲಿಲ್ಲ. ಮಾವ ಎರಡು ಸಲ ತಮಾಷೆ ಮಾಡಲು ಹೋಗಿ ಬೈಸಿಕೊಂಡರು.

ಶುಕ್ರವಾರ ಏಳಕ್ಕೆ ಐದು ನಿಮಿಷವಿರುವಾಗ ಅತ್ತೆ ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ನಾನು ಎದೆ ಗಟ್ಟಿ ಮಾಡಿಕೊಂಡು ಹಿಂದೆಯೇ ಹೋದೆ. ಟಿವಿಯ ವೈರು ಕಿತ್ತುಬಿಟ್ಟರೆ ಹಿಡಿಯಲಾದರೂ ಒಬ್ಬರು ಬೇಡವೇ?

ಶಾರದಕ್ಕ ಟಿವಿಯ ಮುಂದೆ ಒಬ್ಬಳೇ ಕುಳಿತಿದ್ದಳು. ಅತ್ತೆಯನ್ನು ಕಂಡು ಅವಳ ಮುಖ ಬಿಗಿಯಾಯಿತು. ಅತ್ತೆ ಹೋಗಿ ಪಕ್ಕದಲ್ಲಿ ಕುಳಿತಳು.

ಸವಾರ ಬಂದ. ಅಯ್ಯೋ, ಅವನ ಅವತಾರವೇ! ವರ್ಷಗಟ್ಟಲೆ ಶತ್ರುಗಳ ಸೆರೆಯಲ್ಲಿದ್ದವನ ಮೀಸೆ ಆಗತಾನೇ ಕತ್ತರಿಸಿದಂತಿತ್ತು. ಕೆನ್ನೆ ಎರಡೂ ಪೂರಿಯಂತೆ ಉಬ್ಬಿದ್ದವು. ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ. ಇನ್ನು ಸಿಡಿಯುತ್ತಾಳೆ ಎಂದು ನಾನು ಅತ್ತೆಯನ್ನೇ ನೋಡಿದೆ. ತುಟಿ ಅಲುಗಿತು. ನುಂಗಿಕೊಂಡಳು. ಶಾರದಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲೂ ಇಲ್ಲ.

ಅತ್ತೆ ಅವಳ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಭಾಳ ಸೊರಗ್ಯಾನಲ್ಲ ಶಾರದಾ" ಎಂದಳು. "ಏನೂ ಕೇಳೋದು ಬ್ಯಾಡ. ಮೊದಲು ಆಕಿ ಅವಂಗ ಎರಡು ರೊಟ್ಟಿ ನೀಡ್ಲಿ."