ಅತ್ತೆಯ ಕಾರ್ಡು ಚಾಲ್ತಿಯಲ್ಲಿದೆ

ನನ್ನ ಸೋದರಮಾವನ ಹೆಂಡತಿ ತೀರಿಕೊಂಡು ವರ್ಷಗಳೇ ಆದವು. ಆದರೆ ಅವರ ಆರೋಗ್ಯ ವಿಮೆ ಈ ವರ್ಷದವರೆಗೂ ಚಾಲ್ತಿಯಲ್ಲಿತ್ತು!

ಇದನ್ನು ಹೇಳುತ್ತಿರುವ ನಾನು ಖಾಸಗಿ ಕಂಪನಿಯೊಂದರ ವಿಮೆ ಏಜೆಂಟ್. ಬ್ರಹ್ಮಾವರದಿಂದ ಶಿರೂರಿನವರೆಗೆ ಬೈಕಿನಲ್ಲಿ ಸುತ್ತಿ, ಸರಿಯಾಗಿ ಉಸಿರಾಡುತ್ತಿರುವ ಮನುಷ್ಯರಿಗೇ ಪಾಲಿಸಿ ಮಾರಲಾಗದೆ ಸೋತವನು. ನಮ್ಮ ಕಂಪನಿಯ ಕಂತು ವರ್ಷವರ್ಷವೂ ಏರುತ್ತದೆ, ಹಾಗಾಗಿ ನಾನು ಅಂಗಳಕ್ಕೆ ಕಾಲಿಟ್ಟರೆ ಜನ ಹಿತ್ತಿಲ ಬಾಗಿಲಿನಿಂದ ಮಾಯವಾಗುತ್ತಾರೆ. ಅಂಥವನ ಸೋದರಮಾವ ಸತ್ತವರಿಗೆ ವಿಮೆ ಮಾಡಿಸುತ್ತಾರೆ ಎಂದರೆ ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ?

ಮಾವ ಹೆಮ್ಮಾಡಿಯಲ್ಲಿ ಸೇವಂತಿಗೆ ಬೆಳೆಯುವವರು, ಊರಿನ ಸಹಕಾರಿ ಸೊಸೈಟಿಯ ಸದಸ್ಯರು. ಸೊಸೈಟಿ ಸದಸ್ಯರ ಮನೆಯವರಿಗೆ ರಾಜ್ಯ ಸರ್ಕಾರದ್ದೊಂದು ವಿಮೆ ಇದೆ. ವರ್ಷಕ್ಕೊಮ್ಮೆ ಸಣ್ಣ ಕಂತು ಕಟ್ಟಿದರೆ ಆಪರೇಷನ್ನಿನ ಖರ್ಚನ್ನು ಅದೇ ನೋಡಿಕೊಳ್ಳುತ್ತದೆ. ಊರವರ ಬಾಯಲ್ಲಿ ಅದು ಬರೀ 'ಕಾರ್ಡು'. ನಡುವೆ ಕೆಲವು ವರ್ಷ ಈ ಕಾರ್ಡು ನಿಂತುಹೋಗಿ, ಮತ್ತೆ ಶುರುವಾಯಿತು. ಶುರುವಾದ ದಿನವೇ ಮಾವ ಸೊಸೈಟಿಗೆ ಹೋಗಿ ತನ್ನ, ಮಗನ, ಸೊಸೆಯ ಹೆಸರಿನ ಜೊತೆ ತೀರಿಹೋದ ಹೆಂಡತಿಯ ಹೆಸರನ್ನೂ ಬರೆಸಿದರು.

ಆಗಿನ ಕಾರ್ಯದರ್ಶಿ ಬೇರೆ ಊರಿನಿಂದ ಹೊಸತಾಗಿ ಬಂದವರು. "ನಿಮ್ಮ ಮನೆಯವ್ರ್ ಬರ್ಲಿಲ್ಯಾ?" ಎಂದು ಸುಮ್ಮನೆ ಕೇಳಿದರಂತೆ.

"ಬಂದಿದ್ಲಲೆ. ನಿಮ್ ಹಿಂದೆ ನಿಂತ್ಕಂಡಿದ್ಲ್" ಎಂದರು ಮಾವ.

ಕಾರ್ಯದರ್ಶಿ ತಿರುಗಿ ನೋಡಿದರೆ ಗೋಡೆ. ಅಷ್ಟೊತ್ತಿಗೆ ತಲೆಯ ಮೇಲಿನ ಫ್ಯಾನು ನಿಂತಿತು. ಕರೆಂಟು ಹೋಗಿರಲಿಲ್ಲ, ಲೈಟು ಉರಿಯುತ್ತಲೇ ಇತ್ತು. ಸತ್ಯ ಏನೆಂದು ಆಮೇಲೆ ಯಾರೋ ಅವರ ಕಿವಿಗೆ ಹಾಕಿದರು. ಹೆಸರು ತೆಗೆದುಹಾಕುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ. ಪ್ರತಿವರ್ಷ ಮಾವ ಬಂದಾಗ ತಲೆಯೆತ್ತದೆ ಬರೆದುಕೊಂಡು ಕಳಿಸುತ್ತಿದ್ದರು.

ಮಾವ ಕಾರು ಹತ್ತುವವರಲ್ಲ, ಎಲ್ಲಿಗೆ ಹೋಗುವುದಿದ್ದರೂ ಬಸ್ಸು. ಹತ್ತಿದ ಮೇಲೆ ಎರಡು ಟಿಕೆಟ್ ತೆಗೆದು, ಕಿಟಕಿ ಬದಿಯ ಸೀಟು ಬಿಟ್ಟು ಈಚೆ ಕೂರುತ್ತಾರೆ. ಒಮ್ಮೆ ಬೈಂದೂರಿಗೆ ಹೋಗುವಾಗ ನಾನೂ ಅದೇ ಬಸ್ಸಿನಲ್ಲಿ ನೇತಾಡುತ್ತಿದ್ದೆ. ನಡುಬೇಸಿಗೆ, ಕಾಲಿಡಲು ಜಾಗವಿಲ್ಲ. ಮೀನಿನ ಬುಟ್ಟಿಯ ಹೆಂಗಸೊಬ್ಬರು ಮಾವನನ್ನು ದಾಟಿಕೊಂಡು ಹೋಗಿ ಆ ಸೀಟಿನಲ್ಲಿ ಕೂತೇಬಿಟ್ಟರು. ಕೂತಷ್ಟೇ ವೇಗದಲ್ಲಿ ಎದ್ದರು.

"ಸೀಟ್ ಎಂತಕ್ ಇಷ್ಟ್ ತಣ್ಣಗಿತ್ತ್ ಮಾರಾಯ್ರೆ?" ಎಂದು ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ಬೈಂದೂರಿನವರೆಗೂ ನಿಂತೇ ಬಂದರು. ಮಾವ ಕಿಟಕಿಯ ಕಡೆ ತಿರುಗಿ, "ಪಾಪ, ಅವ್ರಿಗ್ ಗೊತ್ತಾಯ್ಲಿಲ್ಲೆ" ಎಂದು ಸಮಾಧಾನ ಹೇಳುತ್ತಿದ್ದರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಮಾವನ ಮನೆಗೆ ಹೋದರೆ ಜಗಲಿಯ ಕಟ್ಟೆಯ ಮೇಲೆ ಒಂದು ಗ್ಲಾಸು ಚಾ ಹೆಚ್ಚಾಗಿ ಇಟ್ಟಿರುತ್ತಾರೆ. ಅತ್ತೆ ಇದ್ದಾಗ ಕೂರುತ್ತಿದ್ದದ್ದು ಅಲ್ಲೇ. ಎರಡು ಮೆಟ್ಟಿಲು ಹತ್ತಿದರೂ ಅವರಿಗೆ ಏದುಸಿರು. "ಉಸ್ಸಪ್ಪಾ" ಎಂದು ಕೂತರೆ ಆ ದನಿ ಗೇಟಿನವರೆಗೆ ಕೇಳುತ್ತಿತ್ತು. ಒಂದು ಮಳೆಗಾಲದ ಸಂಜೆ ನೋಡುತ್ತೇನೆ, ಗ್ಲಾಸು ಖಾಲಿ.

"ಕಾಗೆ ಕುಡಿದಿರಬೇಕು" ಎಂದೆ.

"ಕಾಕಿ ಕುಡ್ದ್ ಗ್ಲಾಸ್ ಕವ್ಚಿ ಇಡತ್ತಾ ಭಾವ?" ಎಂದಳು ಮಾವನ ಸೊಸೆ. ಗ್ಲಾಸು ನಿಜಕ್ಕೂ ಬೋರಲಾಗಿ ಕೂತಿತ್ತು, ನೀಟಾಗಿ.

ನಾನು ಪುಕ್ಕಲ. ಹೆದರಿದಾಗ ನನಗೆ ವ್ಯಾಪಾರದ ಮಾತೇ ಬರುವುದು. "ಮಾವ, ಅತ್ತೆಗೆ ನಮ್ಮ ಕಂಪನಿಯದ್ದೂ ಒಂದು ಮಾಡಿಸುವ. ಮೊದಲಿನಿಂದ ಏನಾದರೂ ಕಾಯಿಲೆ ಉಂಟಾ?" ಎಂದುಬಿಟ್ಟೆ.

ಮಾವ ಸ್ವಲ್ಪ ಯೋಚಿಸಿದರು. "ಹಾರ್ಟಿಂದ್ ಇತ್ತ್. ಸತ್ತ್ ಮೇಲೆ ಬೇರೆ ಹೊಸತ್ ಎಂತದೂ ಇಲ್ಲೆ."

ಅಷ್ಟರಲ್ಲಿ ಮೂಗಿಗೆ ಸೇವಂತಿಗೆಯ ವಾಸನೆ ಬಂತು. ಗದ್ದೆಯಲ್ಲಿ ಆಗ ಒಂದು ಗಿಡವೂ ಇರಲಿಲ್ಲ. ನಾನು ಕೊಡೆ ಅಲ್ಲೇ ಮರೆತು ಮನೆಗೆ ಬಂದೆ.

ಇನ್ನು ಸೊಸೈಟಿಯ ಮಹಾಸಭೆ. ಕಾರ್ಡು ಇನ್ನೆಂದೂ ನಿಲ್ಲಬಾರದು, ಕಂತು ಎಲ್ಲರ ಕೈಗೆಟಕುವಷ್ಟೇ ಇರಬೇಕು ಎಂದು ಸರ್ಕಾರಕ್ಕೆ ಬರೆಯುವ ಠರಾವನ್ನು ಮಾವನೇ ಎದ್ದು ನಿಂತು ಮಂಡಿಸಿದರು. ಸಭೆಯಲ್ಲಿದ್ದವರೆಲ್ಲ ಪರವಾಗಿ ಕೈ ಎತ್ತಿದೆವು. ಸದಸ್ಯನಾದ ನಾನೂ ಎತ್ತಿದೆ. ಹೌದು, ನನ್ನ ಹೆಂಡತಿ ಮಕ್ಕಳಿಗೆ ನಾನು ಮಾಡಿಸಿರುವುದೂ ಆ ಕಾರ್ಡೇ, ನಮ್ಮ ಕಂಪನಿಗೆ ಹೇಳಬೇಡಿ. ಎಣಿಸಿದರೆ ಸಭೆಯಲ್ಲಿ ಇದ್ದ ಜನಕ್ಕಿಂತ ಒಂದು ಕೈ ಹೆಚ್ಚು! ಮತ್ತೆ ಎಣಿಸಿದರೂ ಅಷ್ಟೇ. ಮಾವ ಎರಡೂ ಕೈ ಎತ್ತಿರಬಹುದು ಎಂದಿರಾ? ಅದೇ ಅನುಮಾನಕ್ಕೆ ಅವರ ಇನ್ನೊಂದು ಕೈಯನ್ನು ನಾನೇ ಹಿಡಿದುಕೊಂಡಿದ್ದೆ. ಅಧ್ಯಕ್ಷರು ಬೆವರು ಒರೆಸಿಕೊಂಡು, "ಹೆಚ್ಚಿದ್ರೆ ಒಳ್ಳೇದೇ ಆಯ್ತಲೆ" ಎಂದು ಠರಾವು ಪಾಸು ಮಾಡಿದರು.

ಈ ವರ್ಷ ಮಾವನಿಗೇ ಎದೆನೋವು ಬಂತು. ರಕ್ತನಾಳ ಕಟ್ಟಿದೆ, ತಡ ಮಾಡದೆ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಕಾರ್ಡು ಇದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಗದ್ದೆ ಮಾರಿದರೂ ಸಾಲದು. ಆದರೆ ಕಾರ್ಡು ನವೀಕರಣಕ್ಕೆ ಈ ಸಲ ಹೊಸ ನಿಯಮ ಬಂದಿತ್ತು. ಹೆಸರಿರುವ ಪ್ರತಿಯೊಬ್ಬರೂ ಮಿಷನ್ನಿಗೆ ಹೆಬ್ಬೆಟ್ಟು ಒತ್ತಬೇಕು, ಒಬ್ಬರದ್ದು ಬಾಕಿಯಾದರೂ ಇಡೀ ಮನೆಯ ಕಾರ್ಡು ರದ್ದು. ಅತ್ತೆಯ ಹೆಬ್ಬೆಟ್ಟು ಎಲ್ಲಿಂದ ತರುವುದು? ಕಾರ್ಯದರ್ಶಿ ನನಗೆ ಫೋನು ಮಾಡಿ, "ನೀವೇ ಹೇಳಿ ಆ ಹೆಸ್ರ್ ತೆಗ್ಸಿ. ನಂಗ್ ಹೇಳುಕ್ ಹೆದ್ರಿಕಿ" ಎಂದರು. ಕೊನೆಯ ದಿನಕ್ಕೆ ಹೆಚ್ಚು ಸಮಯ ಇರಲಿಲ್ಲ.

ಹೋಗಿ ಹೇಳಿದೆ. ಮಾವ ಕಟ್ಟೆಯ ಪಕ್ಕ ನೆಲದ ಮೇಲೆ ಕೂತಿದ್ದರು.

"ಅವ್ಳ ಹೆಸ್ರ್ ತೆಗ್ದ್ ನಾನ್ ಆಪರೇಷನ್ ಮಾಡ್ಸ್ಕಂಬುದಾ ಮಾಣಿ? ಆತಿಲ್ಲೆ."

ಆಮೇಲೆ ಮಾವ ನನಗೆ ಗೊತ್ತಿಲ್ಲದ್ದನ್ನು ಹೇಳಿದರು. ಅತ್ತೆಗೆ ಆಪರೇಷನ್ ಆಗಬೇಕೆಂದು ಗೊತ್ತಾದದ್ದು ಕಾರ್ಡು ನಿಂತಿದ್ದ ಕಾಲದಲ್ಲಿ. ಖರ್ಚು ಎಷ್ಟೆಂದು ಕೇಳಿ ಅತ್ತೆಯೇ ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಕೂತು, "ಈಗ್ ಮನಿಗ್ ಹೋಪ. ಕಾರ್ಡ್ ಮತ್ತ್ ಶುರು ಆಯ್ಲಿ, ಆಗ ಬಪ್ಪ" ಎಂದಿದ್ದರು. ಬಾಡಿಗೆ ಕಾರು ಅಂಗಳದಲ್ಲಿ ಬಂದು ನಿಂತಾಗ ಅತ್ತೆ ಇಳಿಯಲಿಲ್ಲ.

ನಮ್ಮ ಕಡೆ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸತ್ತವರ ಹೆಸರು ಹಿಡಿದು ಅಂಗಳದಿಂದ ಮನೆಯೊಳಗೆ ಕರೆದು ಹಿರಿಯರ ಜೊತೆ ಸೇರಿಸುವ ಕ್ರಮವಿದೆ. ಕರೆಯುವವರೆಗೆ ಅವರು ಹೊರಗೇ. ಅತ್ತೆಯ ಬೊಜ್ಜದ ದಿನ ಮಾವ ಕರೆಯಲು ಒಪ್ಪಿರಲಿಲ್ಲ, ನಾವೆಲ್ಲ ಅದನ್ನು ಹಟ ಎಂದುಕೊಂಡಿದ್ದೆವು.

"ಕಾರ್ಡ್ ಆದ್ ಕೂಡ್ಲೆ ಆಸ್ಪತ್ರಿಗ್ ಕರ್ಕಂಡ್ ಹೋತೆ ಅಂದಿದ್ದೆ" ಎಂದರು ಮಾವ. "ಒಳಗ್ ಕರ್ದ್ರೆ ಆ ಮಾತ್ ಮುಗ್ದ್ ಹೋತ್ತಲೆ?"

ಬಾಗಿಲಲ್ಲಿ ನಿಂತಿದ್ದ ಸೊಸೆ ಈಚೆ ಬಂದಳು. "ಮಾವ, ನೀವೂ ಹಾಂಗೇ ಹೋಪುದನ್ನ ಅತ್ತಿ ಹೊರ್ಗ್ ಕೂಕಂಡ್ ಕಾಣ್ಕಾ?"

ಮಾವ ಮೂರ್ಸಂಜೆಗೆ ಸ್ನಾನ ಮಾಡಿ ಬಂದು, ದೀಪ ಹಚ್ಚಿಸಿ, ಬಾಗಿಲು ತೆರೆಸಿ ಅಂಗಳದಲ್ಲಿ ನಿಂತರು. ಬದುಕಿಡೀ ಹೆಂಡತಿಯನ್ನು ಹೆಸರು ಹಿಡಿಯದೆ "ಇಲ್ಕಾಣ್" ಎಂದೇ ಕರೆದವರು. ಅವರ ಬಾಯಲ್ಲಿ ಅತ್ತೆಯ ಹೆಸರು ನಾನು ಕೇಳಿದ್ದು ಅದೇ ಮೊದಲು.

"ಗುಲಾಬಿ, ಕಾರ್ಡ್ ಬಂದಿತ್ತ್. ಈ ಸಲ ನಾನ್ ಹೋಯಿ ಬತ್ತೆ. ಹೊರ್ಗ್ ಚಳಿ ಇತ್ತ್, ನೀನ್ ಒಳಗ್ ಬಾ."

ಗಾಳಿ ಇರಲಿಲ್ಲ. ಆದರೂ ದೀಪದ ಕುಡಿ ಮನೆಯೊಳಗಿನ ಕಡೆಗೆ ವಾಲಿತು. ನಾವೆಲ್ಲ ಅಂಗಳದಲ್ಲೇ ಇದ್ದೆವು, ಒಳಗೆ ಯಾರೂ ಇರಲಿಲ್ಲ. ಒಳಗಿನಿಂದ "ಉಸ್ಸಪ್ಪಾ" ಎಂದು ಯಾರೋ ಕೂತ ಸದ್ದು ಕೇಳಿಸಿತು. ಈ ಸಲ ನನಗೆ ಹೆದರಿಕೆಯಾಗಲಿಲ್ಲ.

ಮರುದಿನ ಸೊಸೈಟಿಯಲ್ಲಿ ಮಾವ ತಾವೇ ಹೇಳಿ ಹೆಸರು ತೆಗೆಸಿ, ಮಗ ಸೊಸೆಯ ಜೊತೆ ಹೆಬ್ಬೆಟ್ಟು ಒತ್ತಿದರು. ಕಾರ್ಯದರ್ಶಿ ಮೆಲ್ಲಗೆ ತಲೆಯೆತ್ತಿ ನೋಡಿದರು. ಫ್ಯಾನು ತಿರುಗುತ್ತಲೇ ಇತ್ತು.

ಆಪರೇಷನ್ನಿಗೆ ಒಪ್ಪಿಗೆ ಬಂದ ಮೇಲೆ ಮಾವನನ್ನು ಆಸ್ಪತ್ರೆಗೆ ಸೇರಿಸಲು ನಾನೇ ಹೊರಟೆ. ಕಾರು ಬೇಡವೇ ಬೇಡವೆಂದರು, ಬಸ್ಸಿನಲ್ಲೇ ಹೋದೆವು. ಮಾವ ಅಭ್ಯಾಸದಂತೆ ಈಚೆ ಕೂತರು. ನಾನೂ ಅಭ್ಯಾಸದಂತೆ ಕಂಬಿ ಹಿಡಿದು ನಿಂತೆ. ಬ್ರಹ್ಮಾವರ ದಾಟುವಾಗ ಮಾವ ನನ್ನ ಅಂಗಿಯ ತುದಿ ಜಗ್ಗಿದರು.

"ಎಂತಕ್ ನಿಂತದ್ದ್ ಮಾಣಿ? ಕೂಕೋ. ಖಾಲಿ ಇತ್ತ್."

ಅವರ ಕಣ್ಣು ತುಂಬಿತ್ತು. ನಾನು ದಾಟಿಕೊಂಡು ಹೋಗಿ ಕಿಟಕಿಯ ಬದಿ ಕೂತೆ. ಈಗಷ್ಟೇ ಯಾರೋ ಎದ್ದು ಜಾಗ ಬಿಟ್ಟ ಹಾಗೆ ಸೀಟು ಬೆಚ್ಚಗಿತ್ತು.