ತುದಿಯ ಕಾಲಾಳಿನ ಗುಟ್ಟು

ಇಪ್ಪತ್ತು ವರ್ಷದಿಂದ ನಾನು ಚೆಸ್ ಪಂದ್ಯಗಳಿಗೆ ತೀರ್ಪುಗಾರ. ಅಲ್ಲಿ ನಾನು ನಗೋ ಹಾಗಿಲ್ಲ, ಆದರೆ ನಗು ಬರೋದೆಲ್ಲ ನನ್ನ ಕಣ್ಣೆದುರೇ ನಡೆಯುತ್ತೆ, ಏನು ಮಾಡೋದು. ಅದರಲ್ಲಿ ಅರ್ಧ ಪಾಲು ನಮ್ಮ ಚಾಂಪಿಯನ್ ಸಾಹೇಬರದು. ತುಮಕೂರಿನಲ್ಲಿ ಅವರದು ವಾಚ್ ರಿಪೇರಿ ಅಂಗಡಿ.

ಗುಬ್ಬಿ

ಸೊಟ್ಟಗಿರೋದು ಏನು ಕಂಡರೂ ಸಾಹೇಬರು ನೆಟ್ಟಗೆ ಮಾಡಬೇಕು, ಕಸುಬಿನ ಚಾಳಿ. ಗುಬ್ಬಿಯಲ್ಲಿ ಆಟ ಶುರುವಾದ ಮೇಲೆ, ಸಾಲಿನ ತುದಿಯ ಕಾಲಾಳು ಮನೆಯಲ್ಲಿ ಸೊಟ್ಟಗೆ ನಿಂತಿದೆ ಅಂತ ಬೆರಳಿಟ್ಟರು. 'ಸರಿ ಮಾಡ್ತೀನಿ' ಅಂತ ಮೊದಲೇ ಹೇಳಬೇಕಿತ್ತು, ಮರೆತರು. ಮುಟ್ಟಿದ ಕಾಯಿ ನಡೆಸಲೇಬೇಕು ಅನ್ನೋದು ನಿಯಮ. ಮೊದಲ ನಡೆಯಾಗಿ ಅದನ್ನೇ ಒಂದು ಮನೆ ನೂಕಿದರು. ಯಾರೂ ಹಾಗೆ ಆಟ ಶುರು ಮಾಡಲ್ಲ. ಎದುರಿಗಿದ್ದ ಕೊಬ್ಬರಿ ವ್ಯಾಪಾರಿ ಇದರಲ್ಲೇನೋ ಇದೆ ಅಂತ ತಲೆ ಕೆಡಿಸಿಕೊಂಡು, ಟೈಮ್ ಮುಗಿದು ಸೋತರು. ಹೊರಗೆ ಬಂದು, "ಎಂಥಾ ತಲೆ ಸಾರ್ ಅದು" ಅಂದರು.

ಕುಣಿಗಲ್

ಗುಬ್ಬಿಯ ಸುದ್ದಿ ಕೇಳಿ ಕುಣಿಗಲ್ಲಿನ ಚೆಸ್ ಕೋಚಿಂಗ್ ಮೇಷ್ಟ್ರು ತಮ್ಮ ಶಿಷ್ಯರಿಗೆ ಆ ನಡೆಯ ಮೇಲೆ ನಾಲ್ಕು ಪುಟ ನೋಟ್ಸ್ ಕೊಟ್ಟಿದ್ದರು. ಅಲ್ಲಿನ ಟೂರ್ನಿಯಲ್ಲಿ ಅವರ ಮಕ್ಕಳೆಲ್ಲ ತುದಿಯ ಕಾಲಾಳು ನೂಕಿ, ಸಾಲಾಗಿ ಸೋತವು. ಸಾಹೇಬರು ಮಾತ್ರ ಎಂದಿನಂತೆ ರಾಜನ ಮುಂದಿನ ಕಾಲಾಳು ನಡೆಸಿ ಗೆದ್ದರು. ನಿಮ್ಮ ನಡೆ ನೀವೇ ಯಾಕೆ ಆಡಲಿಲ್ಲ ಅಂತ ಮೇಷ್ಟ್ರು ಕೇಳಿದ್ದಕ್ಕೆ, "ಇವತ್ತು ಎಲ್ಲಾ ನೆಟ್ಟಗಿತ್ತು" ಅಂದರು. ಮೇಷ್ಟ್ರು ಅದನ್ನೂ ಬರೆದುಕೊಂಡರು.

ತುಮಕೂರು

ಈ ವರ್ಷ ಸಾಹೇಬರ ಬಲಗೈ ನಡುಗೋಕೆ ಶುರುವಾಯ್ತು. ಅಂಗಡಿ ಮಗಳಿಗೆ ಬಿಟ್ಟರು. "ಸ್ಕ್ರೂ ಹಿಡಿಯೋ ಕೈ ಹೋಯ್ತು, ಉಳಿದಿರೋದು ಚೆಸ್ ಒಂದೇ. ಗೊತ್ತಾದ್ರೆ ಪಾಪ ಅಂತ ಬಿಟ್ಟುಕೊಟ್ಟು ಆಡ್ತಾರೆ. ಯಾರಿಗೂ ಹೇಳ್ಬೇಡಿ" ಅಂದಿದ್ದರು. ನನಗೆ ತುಂಬಾ ಸಂಕಟವಾಗಿತ್ತು.

ಫೈನಲ್‌ನಲ್ಲಿ ಎದುರಿಗೆ ಹೆಬ್ಬೂರಿನ ಕಾಲೇಜು ಹುಡುಗಿ. ಮೊದಲ ನಡೆಗೆ ಎತ್ತಿದ ಸಾಹೇಬರ ಕೈ ನಡುಗಿ ತುದಿಯ ಕಾಲಾಳಿಗೆ ತಗುಲಿತು. ಬೇಕಂತ ಮುಟ್ಟಿದ್ದಲ್ಲ, ನಡೆಸಬೇಕಾಗಿಲ್ಲ ಅಂತ ಹೇಳೋಕೆ ಬಾಯಿ ತೆರೆದೆ. ಹೇಳಿದರೆ ಕೈಯ ವಿಷಯ ಬಯಲಾಗುತ್ತೆ. ಸಾಹೇಬರು ನನ್ನ ಕಡೆ ಒಮ್ಮೆ ನೋಡಿ, ಅದನ್ನೇ ನೂಕಿಬಿಟ್ಟರು. ಹುಡುಗಿ ಅರ್ಧ ಗಂಟೆ ಆ ಕಾಲಾಳನ್ನೇ ನೋಡಿದಳು. ಕೊನೆಗೆ ಸೋತಳು.

ಆಮೇಲೆ ನೋಟ್‌ಬುಕ್ ಹಿಡಿದು ಬಂದು, ಆ ನಡೆಯ ಗುಟ್ಟು ಹೇಳಿಕೊಡಿ ಅಂದಳು. ಕಲಿಯೋಕೆ ಬಂದ ಮಗುವಿಗೆ ಸುಳ್ಳು ಹೇಳೋಕೆ ಸಾಹೇಬರಿಗೆ ಮನಸ್ಸು ಬರಲಿಲ್ಲ.

"ಗುಟ್ಟೇನಿಲ್ಲಮ್ಮ. ನನ್ನ ಕೈ ನಡುಗುತ್ತೆ. ತಗುಲ್ತು, ಆಡ್ದೆ."

ಅವಳು ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದಳು. "ನೋಡಿ ಸಾರ್, ಹೇಳ್ಕೊಡೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ಬೇಕು. ಇಷ್ಟು ದೊಡ್ಡೋರು ಇಂಥಾ ಸುಳ್ಳು ಹೇಳ್ತಾರಾ?"

ಸಾಹೇಬರಿಗೂ ಕೇಳಿಸಿತು. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು.

"ಮುಂದಿನ ವರ್ಷಾನೂ ನನ್ನ ಹೆಸರು ಬರ್ಕೊಳ್ಳಿ ಸಾರ್" ಅಂದರು.